ಮನೆಗೆ ಹೋಗಿ ರಮಿಸಲಾಗಿದೆ

ಎಲ್ಲದಕ್ಕೂ ಮೂಲ ಆ ಏಳನೆಯ ಖಾನೆ.

ದೇವದುರ್ಗದ ನೀರಿನ ಕಚೇರಿಯಿಂದ ರಾಯಚೂರಿನ ದೊಡ್ಡ ಕಚೇರಿಗೆ ಪ್ರತಿ ತಿಂಗಳೂ ಒಂದು ವರದಿ ಹೋಗಬೇಕು. ನೀರು ಬರಲಿಲ್ಲವೆಂದು ಯಾರು ಬಂದು ಬೈದರು, ಅವರಿಗೆ ಏನು ಮಾಡಲಾಯಿತು ಎಂಬ ವರದಿ. ಅದರ ಏಳನೆಯ ಖಾನೆಯ ತಲೆಬರಹ ‘ಅರ್ಜಿದಾರರನ್ನು ತೃಪ್ತಿಪಡಿಸಿದ ವಿಧಾನ’. ಖಾನೆಯ ಅಗಲ ಎರಡು ಬೆರಳು. ನೀರಿಲ್ಲದವರನ್ನು ತೃಪ್ತಿಪಡಿಸಿದ ಕಥೆಯನ್ನು ಎರಡು ಬೆರಳಿನ ಜಾಗದಲ್ಲಿ ಬರೆಯಿರಿ ಅಂದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಅವನ ಮನೆಯ ನಳದಲ್ಲಿ ಮಾತ್ರ ಇಪ್ಪತ್ತನಾಲ್ಕು ತಾಸೂ ನೀರು ಬರುತ್ತಿರಬೇಕು.

ಆ ಕಚೇರಿಯ ಗುಮಾಸ್ತ ಪಂಪಾಪತಿ ಅಲ್ಲಿ ಮೂರೇ ಶಬ್ದ ಬರೆದ: ‘ಮನೆಗೆ ಹೋಗಿ ರಮಿಸಲಾಗಿದೆ.’

ಇದರಲ್ಲಿ ತಪ್ಪೇನಿದೆ, ನೀವೇ ಹೇಳಿ. ರಾಯಚೂರು ಸೀಮೆಯಲ್ಲಿ ಅಳುವ ಕೂಸನ್ನು ತಾಯಿ ರಮಿಸುತ್ತಾಳೆ. ಸಿಟ್ಟು ಮಾಡಿಕೊಂಡು ಉಣ್ಣದೆ ಮಲಗಿದ ಅತ್ತೆಯನ್ನು ಸೊಸೆ ರಮಿಸುತ್ತಾಳೆ. ಮದುವೆಯಲ್ಲಿ ಹೋಳಿಗೆಗೆ ತುಪ್ಪ ಸಾಲಲಿಲ್ಲವೆಂದು ಎದ್ದು ಹೊರಟ ಬೀಗರನ್ನು ನಾಲ್ಕು ಮಂದಿ ಹಿರಿಯರು ಹಿಂದೆ ಓಡಿಹೋಗಿ, ಕೈ ಹಿಡಿದು, ರಮಿಸಿ ಕರೆತರುತ್ತಾರೆ. ಒದೆಯುವ ಎಮ್ಮೆಯನ್ನೂ ಮೈ ಸವರಿ ರಮಿಸುವವರಿದ್ದಾರೆ. ಇಷ್ಟೆಲ್ಲ ರಮಿಸುವುದು ಹಗಲು ಹೊತ್ತಿನಲ್ಲಿ, ಹತ್ತು ಜನರ ಎದುರಿಗೇ ನಡೆಯುತ್ತದೆ. ಯಾರೂ ನಾಚಿ ಮುಖ ಮುಚ್ಚಿಕೊಂಡದ್ದಿಲ್ಲ.

ಆದರೆ ರಾಯಚೂರಿನ ದೊಡ್ಡ ಕಚೇರಿಗೆ ಮೂರು ತಿಂಗಳ ಹಿಂದೆ ಹೊಸ ಸಾಹೇಬರು ಬಂದಿದ್ದರು. ಮೈಸೂರು ಕಡೆಯವರು. ಅವರ ಕಡೆ ಈ ಶಬ್ದಕ್ಕೆ ಇನ್ನೊಂದೇ ಅರ್ಥ.

ಪಂಪಾಪತಿಯ ಮನೆ ಇರುವುದು ರಾಯಚೂರಿನಲ್ಲಿ, ನೌಕರಿ ದೇವದುರ್ಗದಲ್ಲಿ. ಹನ್ನೊಂದು ವರ್ಷದಿಂದ ಬೆಳಕು ಹರಿಯುವ ಮೊದಲೇ ಬಸ್ಸು ಹತ್ತಿ ಹೋಗುವುದು, ಕತ್ತಲಾದ ಮೇಲೆ ಬಸ್ಸಿಳಿದು ಬರುವುದು. ಈ ಹನ್ನೊಂದು ವರ್ಷದಲ್ಲಿ ಆರು ಸಲ ವರ್ಗಾವಣೆಗೆ ಅರ್ಜಿ ಕೊಟ್ಟಿದ್ದ. ಆರನೆಯದಕ್ಕೆ ಕಡೆಗೂ ದೇವರು ಕಣ್ಣು ಬಿಟ್ಟಿದ್ದ. ರಾಯಚೂರಿಗೆ ವರ್ಗ ಮಾಡುವ ಆದೇಶ ಬೆರಳಚ್ಚಾಗಿ ಸಾಹೇಬರ ಮೇಜು ಸೇರಿತ್ತು. ಸೋಮವಾರ ಸಹಿ ಆಗುತ್ತದೆ ಎಂದು ಅದೇ ಕಚೇರಿಯ ಬೆರಳಚ್ಚುಗಾರ್ತಿ ನಾಗರತ್ನಾ ಹೇಳಿದ್ದಳು. ನಾಗರತ್ನಾಳ ಮನೆ ಪಂಪಾಪತಿಯ ಮನೆಯ ಎದುರಿಗೇ ಇದೆ. ಹೀಗಾಗಿ ಸಾಹೇಬರ ಮೇಜಿನ ಮೇಲೆ ಬಿದ್ದ ಕಾಗದದ ಸುದ್ದಿ ಅಂಚೆಗಿಂತ ಮೊದಲೇ ಆ ಓಣಿಗೆ ಬಂದು ಮುಟ್ಟುತ್ತಿತ್ತು.

ಆ ಸೋಮವಾರ ಬೆಳಿಗ್ಗೆ ಹೆಂಡತಿ ವಿಜಯಲಕ್ಷ್ಮಿ ರೊಟ್ಟಿ, ಪುಂಡಿಪಲ್ಯದ ಬುತ್ತಿ ಕೈಗೆ ಕೊಟ್ಟವಳು ಹಿಡಿದ ಬುತ್ತಿಯನ್ನು ಬಿಡಲಿಲ್ಲ.

“ನೋಡ್ರಿ, ಇವತ್ತ ಆರ್ಡರ್ ತಂದ್ರ ಸರಿ. ಇಲ್ಲಾಂದ್ರ ಸಂಜಿ ಬಸ್ಸಿಗೆ ನಾ ಚೀಕಲಪರ್ವಿಗೆ ಹೊಂಟೆ. ನಮ್ಮ ತವರಿನಾಗ ಹೊಳಿ ಅದ, ನೀರಿಗರ ಬರ ಇಲ್ಲ.”

“ಇವತ್ತ ಸಹಿ ಆಗ್ತದ ಮಾರಾಯ್ತಿ.”

“ಹನ್ನೊಂದು ವರ್ಷದಿಂದ ಆಗಾಕತ್ತದ. ಆ ಗದ್ದೆಮ್ಮನ್ನ ರಮಿಸಾಕ ಎರಡು ತಾಸು ಪುರಸೊತ್ತು ಸಿಗ್ತದ ನಿಮಗ. ನಾ ಮುನಿಸಿಕೊಂಡು ಮೂರು ದಿನ ಆತು, ನಿಮಗ ಗೊತ್ತರ ಆಗೇದೇನು?”

ಪಂಪಾಪತಿಗೆ ಗೊತ್ತಾಗಿರಲಿಲ್ಲ. ಹಜಾರದಲ್ಲಿ ಹೆಂಡತಿಯ ಚೀಲ ತುಂಬಿ ನಿಂತದ್ದನ್ನು ಅವನು ಅವತ್ತೇ ನೋಡಿದ್ದು. ಬಸ್ಸಿಗೆ ಹೊತ್ತಾಗುತ್ತದೆಂದು ಓಡಿದ.

ಈ ಗದ್ದೆಮ್ಮ ಯಾರೆಂದು ಹೇಳಬೇಕು. ದೇವದುರ್ಗದ ಮುದುಕಿ. ವಯಸ್ಸು ಎಪ್ಪತ್ತೋ ಎಪ್ಪತ್ತೈದೋ ಅವಳಿಗೂ ನೆನಪಿಲ್ಲ, ಗಂಟಲು ಮಾತ್ರ ಇಪ್ಪತ್ತರದು. ಅವಳ ಓಣಿಗೆ ಒಂಬತ್ತು ದಿನ ನೀರು ಬರಲಿಲ್ಲ. ಹತ್ತನೆಯ ದಿನ ಬಂದು ಕಚೇರಿಯ ಬಾಗಿಲಿಗೆ ಅಡ್ಡಲಾಗಿ ಏಳು ಖಾಲಿ ಕೊಡ ಸಾಲಾಗಿ ಇಟ್ಟು, ಎಂಟನೆಯದರ ಮೇಲೆ ಕೈಯಿಟ್ಟುಕೊಂಡು ಕುಳಿತುಬಿಟ್ಟಳು. ಒಳಗಿದ್ದವರು ಹೊರಗೆ ಬರುವಂತಿಲ್ಲ, ಹೊರಗಿದ್ದವರು ಒಳಗೆ ಹೋಗುವಂತಿಲ್ಲ. ಅಲ್ಲಿದ್ದ ಅಧಿಕಾರಿಗಳೆಲ್ಲ ಹಿಂದಿನ ಕಿಟಕಿಯಿಂದ ‘ಪಂಪಾಪತಿ, ನೋಡ್ರಿ ಸ್ವಲ್ಪ’ ಎಂದರು. ನೀರಿನ ಕೊಳವೆ ಒಡೆದದ್ದು ಪಂಪಾಪತಿಯ ತಪ್ಪೇ? ಅದನ್ನು ಕೂಡಿಸದೆ ಬಿಟ್ಟವನು ಅವನೇ? ಅಲ್ಲ. ಆದರೂ ಬೈಸಿಕೊಳ್ಳುವುದಕ್ಕೆ ಗುಮಾಸ್ತನೇ ಬೇಕು. ಇದೆಲ್ಲಿಯ ನ್ಯಾಯವೋ!

ಪಂಪಾಪತಿ ಎರಡು ಕೊಡ ತಾನು ಎತ್ತಿಕೊಂಡ. ಉಳಿದದ್ದನ್ನು ನೀರು ಬಿಡುವ ಕನಕರಾಯನಿಗೆ ಹೊರಿಸಿದ. ಗದ್ದೆಮ್ಮನ ಮನೆಗೆ ಹೋಗಿ ಪಡಸಾಲೆಯಲ್ಲಿ ಕುಳಿತು ಅವಳು ಕೊಟ್ಟ ಚಾ ಕುಡಿದ. ಮೊಣಕಾಲು ನೋವು ಹೇಗಿದೆ ಎಂದು ಕೇಳಿದ. ಊಟ ಆಯಿತೇ ಎಂದು ಕೇಳಿದ. ಅವಳು ಬೈದಾಗ ತಾನೂ ಸೇರಿ ಬೈದ. ಕಡೆಗೆ, “ಯವ್ವಾ, ನಿನ್ನ ಜಾಗದಾಗ ನಾ ಇದ್ದಿದ್ರ ಇದಕ್ಕಿಂತ ಜಾಸ್ತಿ ಒದರ್ತಿದ್ದೆ” ಎಂದ. ಇಷ್ಟಕ್ಕೆ ಮುದುಕಿ ಕರಗಿಹೋದಳು. ಎರಡು ತಾಸಾಗಿತ್ತು. ನೀರೇನೂ ಬರಲಿಲ್ಲ, ಆದರೆ ಬಾಗಿಲಲ್ಲಿ ಕೊಡಗಳೂ ಇರಲಿಲ್ಲ.

ಸೋಮವಾರ ಹತ್ತೂವರೆಗೆ ಪಂಪಾಪತಿ ದೇವದುರ್ಗದ ಕಚೇರಿಯಲ್ಲಿ ಕುರ್ಚಿಯ ಧೂಳು ಹೊಡೆಯುತ್ತಿದ್ದಾಗ ನಾಗರತ್ನಾಳ ಫೋನು ಬಂತು. ಸಹಿ ಆಯಿತೆಂದೇ ತಿಳಿದು, “ಏನಕ್ಕಾ, ಪೇಡಾ ಎಷ್ಟು ಕಿಲೋ ತರ್ಲಿ?” ಎಂದ.

“ಪೇಡಾ ಹಾಳಾಗಿ ಹೋಗ್ಲಿ! ಸಾಹೇಬ್ರು ಸಹಿ ಹಾಕಾಕ ಪೆನ್ ತೆಗದಿದ್ರು. ಅಷ್ಟರಾಗ ನಿಮ್ಮ ವರದಿ ಕಣ್ಣಿಗೆ ಬಿತ್ತು ನೋಡ್ರಿ, ಪೆನ್ ಮುಚ್ಚಿ ಕಿಸೇದಾಗ ಇಟ್ಕೊಂಡ್ರು. ‘ಅಸಹ್ಯ, ಅಸಹ್ಯ’ ಅಂತ ಒಂದೇ ಸವನ ಅನ್ನಾಕತ್ತಾರ.”

“ಅಸಹ್ಯ? ನಾ ಏನ್ ಬರದೀನಿ?”

“ಗದ್ದೆಮ್ಮನ್ನ ರಮಿಸೀನಿ ಅಂತ ಬರದೀರಲ್ಲ. ಅದಕ್ಕ ಅವರಿಗೆ ಯಾಕ ಸಿಟ್ಟು ಬಂತೋ ನನಗೂ ತಿಳಿವಲ್ದು. ರಮಿಸಿದ್ರ ಯಾರರ ಸಿಟ್ಟಾಗ್ತಾರೇನು? ರಮಿಸದಿದ್ರ ಆಗ್ಬೇಕು. ಒಂದು ಗಂಟಿಗೆ ನೀವು ಇಲ್ಲಿ ಇರ್ಬೇಕಂತ. ಆ ಹೆಣ್ಮಗಳನ್ನೂ ಕರಕೊಂಡ್ ಬರ್ಬೇಕಂತ. ಹೊರಗ ನಿಂತಿದ್ದ ಕನಕರಾಯನೂ ಬೇಕಂತ.”

ಪಂಪಾಪತಿಗೆ ಮೈಯೆಲ್ಲ ಉರಿಯಿತು. ಎರಡು ತಾಸು ಬೈಸಿಕೊಂಡು, ಸಕ್ಕರೆಯಿಲ್ಲದ ಚಾ ಕುಡಿದು, ಹೆಗಲ ಮೇಲೆ ಕೊಡ ಹೊತ್ತವನಿಗೆ ಇದು ಬಹುಮಾನ! ಕನಕರಾಯ, “ಸರ್, ಎರಡು ತಾಸು ಭಾಳಾತು ಅಂತ ಸಿಟ್ಟು ಬಂದಿರ್ಬೇಕ್ರಿ. ಒಂದು ತಾಸಿನಾಗ ರಮಿಸಬೇಕಿತ್ತು” ಎಂದು ತನ್ನ ಬುದ್ಧಿಗೆ ತಿಳಿದದ್ದನ್ನು ಹೇಳಿದ.

ಗದ್ದೆಮ್ಮ ಬರಲು ಒಪ್ಪಿದಳು. ಹೆಂಗಸರಿಗೆ ಬಸ್ಸು ಪುಕ್ಕಟೆ, ಅದೂ ಅಲ್ಲದೆ ದೊಡ್ಡ ಸಾಹೇಬನನ್ನು ಮುಖಾಮುಖಿ ಬೈಯುವ ಅವಕಾಶ ಮತ್ತೆ ಸಿಕ್ಕೀತೇ! ಆಧಾರ್ ಕಾರ್ಡನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡು ಕಿಟಕಿಯ ಪಕ್ಕದ ಸೀಟು ಹಿಡಿದಳು. ಪಕ್ಕದಲ್ಲಿ ಪಂಪಾಪತಿ, ಹಿಂದೆ ಕನಕರಾಯ. ಎದುರಿನ ಸೀಟಿನಲ್ಲಿ ದೇವರು ಕಳಿಸಿದಂತೆ ಬುರ್ಹಾನುದ್ದೀನ್ ಮಾಸ್ತರರು ಕುಳಿತಿದ್ದರು. ಮೂವತ್ತಾರು ವರ್ಷ ದೇವದುರ್ಗದ ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತರಾದವರು, ಚಿಕ್ಕಂದಿನಲ್ಲಿ ಅಲ್ಲೇ ಓದಿದ ಪಂಪಾಪತಿಗೂ ಕಲಿಸಿದವರು. ಕಣ್ಣು ತೋರಿಸಲು ರಾಯಚೂರಿಗೆ ಹೊರಟಿದ್ದರು.

ಪಂಪಾಪತಿ ಕಥೆಯನ್ನೆಲ್ಲ ಹೇಳಿದ. ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು.

“ಸಾಹೇಬ ಯಾವ ಕಡಿಯಂವ?”

“ಮೈಸೂರ ಕಡಿಯವರು, ಸರ್.”

“ಹಾಂ. ಅಲ್ಲಿ ಅದಕ್ಕ ಬೇರೆ ಅರ್ಥ ಹಚ್ಚತಾರಪಾ. ಗಂಡ ಹೆಂಡತಿ…” ಮಾಸ್ತರರು ಬಸ್ಸಿನ ಆಚೀಚೆ ನೋಡಿ, ಪಂಪಾಪತಿಯ ಕಿವಿಯಲ್ಲಿ ಉಳಿದ ಅರ್ಥವನ್ನು ಹೇಳಿದರು.

ಪಂಪಾಪತಿ ಚೇಳು ಕಡಿದವನ ಹಾಗೆ ಸೀಟಿನಿಂದ ಎದ್ದು ನಿಂತ. “ಯವ್ವಾ! ಈ ಮುದುಕಿ ನಮ್ಮ ಅಜ್ಜಿ ವಾರಿಗಿ, ಸರ್!”

ಏನೂ ಕೇಳಿಸದ ಗದ್ದೆಮ್ಮನಿಗೆ ಅವನು ಎದ್ದದ್ದು ಮಾತ್ರ ಕಾಣಿಸಿತು. “ಯಾಕ್ಲೇ ತಮ್ಮಾ, ಎದ್ದಿ? ನನ್ನ ಬಾಜೂಕ ಕುಂದ್ರಾಕ ಹೇಸಿಗಿ ಬಂತೇನು? ಮನ್ಯಾಗ ಚಾ ಕುಡಿಯೋ ಮುಂದ ಬರ್ಲಿಲ್ಲ? ಇಳಸು ನನ್ನ. ಬಸ್ ನಿಂದ್ರಸು. ನಾ ಬರಂಗಿಲ್ಲ!” ಎಂದು ಕೋಲಿನಿಂದ ಬಸ್ಸಿನ ನೆಲ ಕುಟ್ಟತೊಡಗಿದಳು. ಗಬ್ಬೂರು ಇನ್ನೂ ಬಂದಿರಲಿಲ್ಲ.

ಕಂಡಕ್ಟರ್ ಹಿಂದಿನಿಂದ ಕೂಗಿದ: “ಯಾರ್ರೀ ಅಕಿ ಜೋಡಿ ಬಂದವರು? ಜಲ್ದಿ ರಮಿಸ್ರಿ ಅಕೀನ. ಬಸ್ ತಡಾ ಆಗ್ತದ!”

“ರಮಿಸ್ರೀ ಪಾಪ, ಹಿರೇ ಮನಿಶ್ಯಾಳು” ಎಂದು ನಾಲ್ಕಾರು ಹೆಂಗಸರೂ ದನಿಗೂಡಿಸಿದರು.

ಇಡೀ ಬಸ್ಸು ರಮಿಸು ರಮಿಸು ಎನ್ನುತ್ತಿದ್ದರೆ ಪಂಪಾಪತಿಯ ಕಿವಿ ಬಿಸಿಯಾಗುತ್ತಿತ್ತು. ಆದರೂ ಬೇರೆ ದಾರಿಯಿಲ್ಲದೆ, ನಿಂತೇ, ಒಂದು ಮೊಳ ದೂರದಿಂದ, ಮೊಣಕಾಲಿನ ಸುದ್ದಿ ತೆಗೆದು ಮುದುಕಿಯನ್ನು ರಮಿಸಿದ. ಮಿಕ್ಕ ದಾರಿಯೆಲ್ಲ ಕಂಬಿ ಹಿಡಿದು ನಿಂತೇ ಬಂದ.

ಮಾಸ್ತರರಿಗೆ ಅಷ್ಟರಲ್ಲಿ ಸಿಟ್ಟು ಏರಿತ್ತು. ಮೆಲ್ಲಗೆ ಮಾತಾಡುವ ಮನುಷ್ಯ, ಆದರೆ ಶಬ್ದಕ್ಕೆ ಅನ್ಯಾಯವಾದರೆ ಸುಮ್ಮನಿರುವವರಲ್ಲ.

“ನಿಘಂಟು ತರೂಣೇನ್ರಿ ಸರ್?” ಎಂದು ಪಂಪಾಪತಿ ಕೇಳಿದ.

“ನಿಘಂಟು ಬ್ಯಾಡ. ಅದರಾಗ ಎರಡೂ ಅರ್ಥ ಅದಾವ. ನಿಮ್ಮ ಸಾಹೇಬ ತನಗ ಬೇಕಾದ್ದು ಓದಿಕೋತಾನ. ನಾನೇ ಬರ್ತೀನಿ ನಡಿ. ಕಣ್ಣು ನಾಳೆ ತೋರ್ಸಿದ್ರಾತು.”

ದೊಡ್ಡ ಕಚೇರಿಯಲ್ಲಿ ಸಾಹೇಬರು ಮೊದಲು ಪಂಪಾಪತಿಯನ್ನೂ ಕನಕರಾಯನನ್ನೂ ಒಳಗೆ ಕರೆದರು. ಒಂದು ಕಡೆ ನಾಗರತ್ನಾ ಟಿಪ್ಪಣಿ ಬರೆದುಕೊಳ್ಳಲು ಕುಳಿತಿದ್ದಳು. ಸಾಹೇಬರು ವರದಿಯನ್ನು ಎರಡು ಬೆರಳಲ್ಲಿ ತುದಿ ಹಿಡಿದು ಎತ್ತಿದರು.

“ಏನ್ರೀ ಪಂಪಾಪತಿ, ಇದನ್ನ ನೀವೇ ಬರ್ದಿದ್ದಾ? ಖಾನೆ ಏಳು, ತೃಪ್ತಿಪಡಿಸಿದ ವಿಧಾನ: ಮನೆಗೆ ಹೋಗಿ… ಆ ಕೆಲಸ ಮಾಡಲಾಗಿದೆ. ಖಾನೆ ಎಂಟು, ತೆಗೆದುಕೊಂಡ ಸಮಯ: ಎರಡು ತಾಸು. ಖಾನೆ ಒಂಬತ್ತು, ಹಾಜರಿದ್ದ ಸಿಬ್ಬಂದಿ: ಕನಕರಾಯ, ಹೊರಗೆ ನಿಂತಿದ್ದರು. ಏನಯ್ಯ, ಹೊರಗೆ ನಿಂತು ಏನ್ ಮಾಡ್ತಿದ್ದೆ?”

“ಚಪ್ಪಲಿ ಕಾಯಾಕತ್ತಿದ್ದೆ ಸಾಹೇಬ್ರ. ಆ ಓಣ್ಯಾಗ ನಾಯಿ ಭಾಳ” ಎಂದ ಕನಕರಾಯ, ಪ್ರಾಮಾಣಿಕವಾಗಿ.

ಸಾಹೇಬರು ಹಣೆ ಒತ್ತಿಕೊಂಡರು. “ಖಾನೆ ಹತ್ತು, ಅರ್ಜಿದಾರರ ಅಭಿಪ್ರಾಯ: ಸಂಪೂರ್ಣ ತೃಪ್ತಿ, ಹೆಬ್ಬೆಟ್ಟು ಒತ್ತಿದ್ದಾರೆ. ಖಾನೆ ಹನ್ನೊಂದು, ಮುಂದಿನ ಕ್ರಮ: ವಾರಕ್ಕೊಮ್ಮೆ ಹೋಗಿ… ಛೀ! ಸರ್ಕಾರಿ ಕಾಗದದಲ್ಲಿ! ಮೊಹರು ಬೇರೆ ಹೊಡೆದಿದ್ದೀರಾ! ಹೊರಗೆ ಹೋಗಿ ನಿಂತ್ಕೊಳ್ಳಿ. ಆ ಹೆಣ್ಣುಮಗಳನ್ನ ಕಳ್ಸಿ.”

ಒಳಗೆ ಬಂದದ್ದು ಕೋಲು ಊರಿಕೊಂಡ ಗದ್ದೆಮ್ಮ. ಸಾಹೇಬರು ಅವಳ ಹಿಂದೆ ಇನ್ಯಾರಾದರೂ ಬರುತ್ತಾರೇನೋ ಎಂದು ಬಾಗಿಲು ನೋಡಿದರು. ಯಾರೂ ಬರಲಿಲ್ಲ. ಪಂಪಾಪತಿ ಬಾಗಿಲ ಸಂದಿಗೆ ಕಿವಿ ಹಚ್ಚಿ ನಿಂತ.

“ಅಮ್ಮಾ, ಕೂತ್ಕೊಳ್ಳಿ. ಹೆದರ್ಕೋಬೇಡಿ. ಆ ಪಂಪಾಪತಿ ನಿಮ್ಮ ಮನೆಗೆ ಬಂದು… ಅಂದ್ರೆ… ಅವರು ಬರ್ದಿರೋ ಹಾಗೆ… ನಿಮ್ಮನ್ನ ರಮಿಸಿದ್ದು ನಿಜಾನಾ?”

“ಖರೆ ಅದರೀ ಯಪ್ಪಾ. ಭಾಳ ಚಂದ ರಮಿಸಿದ. ತೀರಿಹೋದ ನಮ್ಮ ಮನಿಯಾಂವ ನಲವತ್ತು ವರ್ಷ ಬಾಳೇವು ಮಾಡಿದ, ಒಂದು ದಿನ ಹಿಂಗ ರಮಿಸಿದ್ದಿಲ್ಲ.”

ಸಾಹೇಬರ ಕೈಯಲ್ಲಿದ್ದ ನೀರಿನ ಲೋಟ ಮೇಜಿನ ಮೇಲೆ ಉರುಳಿತು. ಗದ್ದೆಮ್ಮ ಆ ನೀರನ್ನು ನೋಡಿ, “ಅಯ್ಯ, ನೀರು ಚೆಲ್ಲಬ್ಯಾಡ್ರೀ, ಪಾಪ ಬರ್ತದ” ಎಂದಳು.

“ಯಾರಾದ್ರೂ… ನೋಡಿದವರು?”

“ಓಣಿಗೆ ಓಣಿನೇ ಬಾಗಲಾಗ ನಿಂತು ನೋಡೇದರೀ. ಬಾಜೂ ಮನಿ ನೀಲಗಂಗಮ್ಮ ಅಂತೂ, ‘ನನಗೂ ನೀರಿಲ್ಲ, ನನ್ನೂ ರಮಿಸಿ ಹೋಗ್ರಿ’ ಅಂತ ಜಗಳಕ್ಕ ನಿಂತಳು. ಹೊತ್ತಾತು, ಮುಂದಿನ ವಾರ ಬರ್ತೀನಿ ಅಂದ.”

“ಅಯ್ಯೋ ರಾಮ!” ಎಂದರು ಸಾಹೇಬರು.

ಬಾಗಿಲು ದಡಾರನೆ ತೆರೆಯಿತು. ಅಪ್ಪಣೆ ಗಿಪ್ಪಣೆ ಕೇಳದೆ ಬುರ್ಹಾನುದ್ದೀನ್ ಮಾಸ್ತರರು ಒಳಗೆ ಬಂದಿದ್ದರು.

“ಅದೇ ನೋಡ್ರಿ ಸಾಹೇಬ್ರ! ಈಗ ಏನಂದ್ರಿ? ರಾಮ ಅಂದ್ರಿ. ಆ ರಾಮನೂ ಇದೇ ಧಾತುವಿನಿಂದ ಬಂದಾನಂತ ಹೇಳ್ತಾರ್ರಿ. ರಮ್ ಅಂಬೋ ಧಾತು. ಆತನ್ನೂ ಅಸಹ್ಯ ಅಂತೀರೇನು?”

“ಯಾರ್ರೀ ನೀವು?”

“ಕನ್ನಡ ಮಾಸ್ತರ. ರಮ್ ಅಂದ್ರ ವೇದದ ಕಾಲದಾಗ ಏನರ್ಥ ಇತ್ತು ಕೇಳ್ರಿ. ನಿಲ್ಲೋದು, ನಿಲ್ಲಸೋದು, ಶಾಂತ ಮಾಡೋದು. ಅದಕ್ಕೇ ವಿರಾಮ ಅಂತೀವಿ. ಅದಕ್ಕೇ ಆರಾಮ ಅಂತೀವಿ. ನಮ್ಮ ಮನ್ಯಾಗ ಉರ್ದುದಾಗೂ ಆರಾಮ್ ಅಂತೀವಿ. ಅದು ಪಾರ್ಸಿ ಅಂದ್ಕೊಂಡಿದ್ದೆ, ಎರಡೂ ಒಂದೇ ಬಳ್ಳಿ ಕಾಯಿ ಅಂತಾರ ತಿಳಿದವರು. ಸಂತೋಷ, ಸರಸ, ಇವೆಲ್ಲ ಆಮ್ಯಾಗ ಬಂದು ಆ ಧಾತುವಿಗೆ ಅಂಟಿಕೊಂಡ ಅರ್ಥ. ನೀವು ಆಮ್ಯಾಗ ಬಂದದ್ದನ್ನ ಹಿಡಕೊಂಡೀರಿ. ಮೊದಲಿಂದನ್ನ ನಮ್ಮ ಅಜ್ಜೇರು ಇನ್ನೂ ಬಿಟ್ಟಿಲ್ಲ. ನಿಮಗ ಗೊತ್ತಿಲ್ಲ ಅಂದ್ರ ನಮ್ಮ ಶಬ್ದ ಹೊಲಸಾಗ್ತದೇನ್ರೀ? ನಾವು ರಾಯಚೂರು ಮಂದಿ ಏನು ಕನ್ನಡವನ್ನ ಬಾಡಿಗಿಗೆ ತಂದೀವೇನು?”

ಮಾಸ್ತರರಿಗೆ ದಮ್ಮು ಹತ್ತಿತು. ನಾಗರತ್ನಾ ಟಿಪ್ಪಣಿ ಬರೆಯುವುದನ್ನು ಬಿಟ್ಟು ಚಪ್ಪಾಳೆ ತಟ್ಟಬೇಕೆಂದು ಕೈ ಎತ್ತಿ, ಸಾಹೇಬರ ಮುಖ ನೋಡಿ ಇಳಿಸಿದಳು. ಈ ಸೀಮೆಯವರು ಮಾತಾಡಿದರೆ ‘ಏನ್ ಭಾಷೇರೀ ನಿಮ್ದು’ ಎಂದು ನಗುವ ಮಂದಿಗೆ ಇಷ್ಟಾದರೂ ಯಾರಾದರೂ ಹೇಳಬೇಕಾಗಿತ್ತು.

ಗದ್ದೆಮ್ಮನಿಗೆ ಈಗ ವಿಷಯ ಅರ್ಧ ತಿಳಿಯಿತು. ಅರ್ಧ ತಿಳಿದದ್ದು ಒಳ್ಳೆಯದೇ ಆಯಿತು.

“ಏನು, ಸಾಹೇಬಗ ರಮಿಸೋದು ಅಂದ್ರ ಗೊತ್ತಿಲ್ಲಾ? ಯಪ್ಪಾ, ಕೂಸು ಚಂದ್ರಾಮ ಬೇಕಂತ ಅಳತದ. ಚಂದ್ರಾಮನ್ನ ಹರಕೊಂಡ್ ಬರಾಕಾಗ್ತದೇನು? ಇಲ್ಲ. ಕಂಕುಳಾಗ ಎತ್ತಿಕೊಂಡು, ಕಣ್ಣೀರು ಒರಸಿ, ‘ನೋಡಲ್ಲಿ, ನಿನ್ನ ಕಂಡು ನಗಾಕತ್ತಾನ’ ಅಂತ ತೋರಸ್ತೀವಿ. ಕೂಸು ಸುಮ್ಮನಾಗ್ತದ. ಅದಕ್ಕ ರಮಿಸೋದು ಅಂತಾರ.”

ಸಾಹೇಬರ ಮುಖದ ಕೆಂಪು ನಿಧಾನವಾಗಿ ಇಳಿಯಿತು. ಅವರು ವರದಿಯನ್ನು ಮತ್ತೆ ಎತ್ತಿಕೊಂಡರು, ಈ ಸಲ ಎರಡೂ ಕೈಯಲ್ಲಿ.

“ಅಂದ್ರೆ… ಅಮ್ಮಾ, ನಿಮ್ಮ ಓಣಿಗೆ ನೀರು ಬಂತಾ?”

“ಎಲ್ಲೀ ನೀರು! ಇವತ್ತಿಗೆ ಹದಿನೈದು ದಿನ.”

“ನೀರು ಬರ್ಲಿಲ್ಲ. ಆದ್ರೂ ಸಂಪೂರ್ಣ ತೃಪ್ತಿ ಅಂತ ಹೆಬ್ಬೆಟ್ಟು ಒತ್ತಿದ್ರಿ?”

“ಒತ್ತಿದೆ. ಪಾಪ, ಅಷ್ಟೊತ್ತು ಕುಂತು ನನ್ನ ಮೊಣಕಾಲು ವಿಚಾರಿಸಿದ. ಒಂದು ಹೆಬ್ಬೆಟ್ಟಿಗೆ ಏನು ಬಂತು?”

ಸಾಹೇಬರು ಮೆಲ್ಲಗೆ ಬಾಗಿಲ ಕಡೆ ತಿರುಗಿ, ಸಂದಿಯಲ್ಲಿ ಕಾಣುತ್ತಿದ್ದ ಪಂಪಾಪತಿಯನ್ನು ನೋಡಿದರು. ಸಂತೆಯಲ್ಲಿ ಒಳ್ಳೆಯ ಎತ್ತು ಕಂಡ ರೈತನ ನೋಟ ಅದು. ಪಾಪ ಪಂಪಾಪತಿಗೆ ಆ ನೋಟ ಅರ್ಥವಾಗಲಿಲ್ಲ. ಗೆದ್ದೆ ಎಂದುಕೊಂಡ.

ಮುಂದಿನ ಅರ್ಧ ತಾಸು ಪಂಪಾಪತಿಯ ನೌಕರಿಯಲ್ಲೇ ಚಿನ್ನದಂಥದ್ದು. ಸಾಹೇಬರು ಎದ್ದು ಬಂದು ಅವನ ಹೆಗಲ ಮೇಲೆ ಕೈಹಾಕಿದರು. ತಮ್ಮ ಎದುರಿನ ಕುರ್ಚಿಯಲ್ಲೇ ಕೂರಿಸಿದರು. ಎಲ್ಲರಿಗೂ ಚಾ ತರಿಸಿದರು, ಪಂಪಾಪತಿಗೆ ಮಾತ್ರ ಬಿಸ್ಕೀಟು.

“ತಪ್ಪು ತಿಳ್ಕೊಂಡೆ ಕಣ್ರೀ. ಮನಸ್ಸಿಗೆ ಹಚ್ಕೋಬೇಡಿ. ಊಟ ಆಯ್ತಾ?”

“ಇಲ್ರಿ ಸರ್, ಬುತ್ತಿ ದೇವದುರ್ಗದಾಗೇ ಉಳೀತು.”

“ಛೆ ಛೆ. ದಿನಾ ಅಷ್ಟು ದೂರ ಓಡಾಡ್ತೀರಲ್ಲ, ಸೊಂಟ ಗಿಂಟ ನೋಯಲ್ವಾ?”

“ನೋಯ್ತದ್ರಿ ಸರ್. ಎಡಗಡಿ ಭಾಳ.”

“ಹನ್ನೊಂದು ವರ್ಷ ಅಂದ್ರೆ ಸುಮ್ನೆನಾ? ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಇದಕ್ಕಿಂತ ಜಾಸ್ತಿ ಕೂಗಾಡ್ತಿದ್ದೆ. ನಿಮ್ಮಂಥವರಿಗೆ ಅನ್ಯಾಯ ಆಗ್ಬಾರ್ದು. ನಾಗರತ್ನಾ, ಆ ಹಳೇ ಆದೇಶ ಹರಿದು ಹಾಕಿ. ಇವರಿಗೆ ಅದು ಸಾಲದು. ಹೊಸದಾಗಿ ಹೇಳ್ತೀನಿ, ಬರ್ಕೊಳ್ಳಿ.”

ಪಂಪಾಪತಿಯ ಕಣ್ಣಲ್ಲಿ ನೀರು ಬಂತು. ಹನ್ನೊಂದು ವರ್ಷದಲ್ಲಿ ಅವನ ಸೊಂಟವನ್ನು ಯಾರೂ ಕೇಳಿದ್ದಿಲ್ಲ. ಆದೇಶಕ್ಕೆ ಅದೇನೋ ಬಡ್ತಿಯೂ ಸೇರಿತೆಂದು ತಿಳಿದು ಬಿಸ್ಕೀಟನ್ನು ಚಾದಲ್ಲಿ ಅದ್ದಿ ಅದ್ದಿ ತಿಂದ. ಸಾಹೇಬರು ಪಕ್ಕದ ಕೋಣೆಗೆ ಹೋಗಿ ಹೇಳಿ ಬರೆಸಿ ಬಂದರು, ನಾಗರತ್ನಾ ಬೆರಳಚ್ಚು ಮಾಡಿ ಕಾಗದ ತಂದಳು. ಅವಳು ಏನೋ ಹೇಳಲು ಬಾಯಿ ತೆರೆದದ್ದನ್ನು ಪಂಪಾಪತಿ ನೋಡಲಿಲ್ಲ. ಸಾಹೇಬರು ಸಹಿ ಹಾಕಿದರು. ತಲುಪಿದೆ ಎಂದು ಪಂಪಾಪತಿಯೂ ಸಂತೋಷದಿಂದ ಸಹಿ ಹಾಕಿದ, ಕೈ ಮುಗಿದ, ಹೊರಗೆ ಬಂದ. ಮೆಟ್ಟಿಲ ಮೇಲೆ ನಿಂತು ಕಾಗದ ಬಿಚ್ಚಿ ಮಾಸ್ತರರಿಗೆ ಕೇಳಿಸುವಂತೆ ಗಟ್ಟಿಯಾಗಿ ಓದತೊಡಗಿದ.

“‘ಶ್ರೀ ಪಂಪಾಪತಿ ಇವರು ನೀರು ಒದಗಿಸದೆಯೇ ಅರ್ಜಿದಾರರನ್ನು ತೃಪ್ತಿಪಡಿಸುವಲ್ಲಿ ತೋರಿದ ಅಪರೂಪದ ಸಾಮರ್ಥ್ಯವನ್ನು ಮೆಚ್ಚಿ, ಸದರಿಯವರ ವರ್ಗಾವಣೆಯನ್ನು ಸಾರ್ವಜನಿಕ ಹಿತದೃಷ್ಟಿಯಿಂದ ರದ್ದುಪಡಿಸಿ…’”

ಮಾಸ್ತರರು ಕಾಗದ ಇಸಿದುಕೊಂಡು ಕಣ್ಣಿನ ಹತ್ತಿರ ಹಿಡಿದು ಮುಂದೆ ಓದಿದರು.

“‘…ದೇವದುರ್ಗದಲ್ಲಿಯೇ ಮುಂದುವರಿಸಿ, ಮಾನ್ವಿ ತಾಲೂಕನ್ನೂ ಹೆಚ್ಚುವರಿಯಾಗಿ ವಹಿಸಲಾಗಿದೆ. ಎರಡೂ ತಾಲೂಕುಗಳ ಸಮಸ್ತ ನೀರಿನ ಅರ್ಜಿದಾರರನ್ನು ಏಳು ದಿನದೊಳಗೆ ಮನೆಗೆ ಹೋಗಿ ರಮಿಸತಕ್ಕದ್ದು.’ ಶಬ್ದ ಸರಿಯಾಗಿ ಬಳಸ್ಯಾನಪಾ” ಎಂದು ಮಾಸ್ತರರು ನಿಟ್ಟುಸಿರು ಬಿಟ್ಟರು. “ಮಂದಿ ಎಷ್ಟು ಜಲ್ದಿ ಕಲೀತಾರ ನೋಡು.”

ಗದ್ದೆಮ್ಮ ಕೋಲು ಊರಿಕೊಂಡು ಹತ್ತಿರ ಬಂದು ಪಂಪಾಪತಿಯ ಮುಖ ನೋಡಿದಳು.

“ಚಾ ಕುಡಿಸಿದ್ನೇನು?”

“ಹೂಂ.”

“ಸೊಂಟ ವಿಚಾರಿಸಿದ್ನೇನು?”

“ಹೂಂ.”

“ಸಹಿ ಮಾಡಿಸಿಕೊಂಡ್ನೇನು?”

“ಹೂಂ ಯವ್ವಾ.”

“ಯಪ್ಪಾ ತಮ್ಮಾ, ನಿನ್ನ ರಮಿಸಿ ಕಳಸ್ಯಾನಲ್ಲೋ!”

ಪಂಪಾಪತಿ ತಿರುಗಿ ಒಳಗೆ ಓಡಿದ. ಸಾಹೇಬರ ಬಾಗಿಲು ಮುಚ್ಚಿತ್ತು, ಶಕ್ತಿನಗರದಲ್ಲಿ ಸಭೆಯಿದೆಯೆಂದು ಹಿಂದಿನ ಬಾಗಿಲಿನಿಂದ ಹೊರಟುಹೋಗಿದ್ದರು. ಇಂಥ ಮೋಸ ಎಲ್ಲಾದರೂ ಉಂಟೆ? ನಮ್ಮದೇ ಶಬ್ದ ನಮ್ಮಿಂದಲೇ ಕಲಿತು, ಅರ್ಧ ತಾಸು ಕಳೆಯುವ ಮೊದಲೇ ನಮ್ಮ ಮೇಲೇ ಪ್ರಯೋಗಿಸುವುದೆಂದರೆ! ಅದೂ ಬಿಸ್ಕೀಟು ಕೊಟ್ಟು! ಪಂಪಾಪತಿ ಮತ್ತೆ ಮೆಟ್ಟಿಲಿಗೆ ಬಂದು ಬಾಯಿಗೆ ಬಂದಂತೆ ಬೈದ. ಕೇಳುವುದಕ್ಕೆ ಕನಕರಾಯನೊಬ್ಬನೇ ಇದ್ದ, ಅವನೂ ಗದ್ದೆಮ್ಮನನ್ನು ದೇವದುರ್ಗದ ಬಸ್ಸಿಗೆ ಹತ್ತಿಸಬೇಕೆಂದು ಗಡಿಬಿಡಿಯಲ್ಲಿದ್ದ.

ಎಲ್ಲರೂ ಹೋದ ಮೇಲೆ ಪಂಪಾಪತಿಯ ಫೋನು ಬಡಿದುಕೊಂಡಿತು. ಹೆಂಡತಿ. ಹಲೋ ಎಂದ.

“ಹಲೋ, ಎರಡು ತಾಲೂಕ ರಮಿಸೋ ಸಾಹೇಬ್ರೇನ್ರಿ?”

ನಾಗರತ್ನಾ ಓಣಿಗೆ ಸುದ್ದಿ ಮುಟ್ಟಿಸಿದ್ದಳು.

“ವಿಜೀ, ನಾ ಹೇಳೋದು ಒಂಚೂರು ಕೇಳು…”

“ಮೊದಲ ದೂರು ಬರಕೋರಿ. ಹೆಸರು ವಿಜಯಲಕ್ಷ್ಮಿ. ಮುಕ್ಕಾಂ ಚೀಕಲಪರ್ವಿ, ತಾಲೂಕ ಮಾನ್ವಿ. ಈಗ ನಿಮ್ಮ ಹದ್ದಿನಾಗೇ ಬರ್ತದಂತಲ್ಲ.”

ಫೋನಿನ ಹಿಂದೆ ‘ಮಾನ್ವಿ, ಮಾನ್ವಿ, ಯಾರ್ರೀ ಮಾನ್ವಿ’ ಎಂದು ಕಂಡಕ್ಟರ್ ಕೂಗುವುದು ಕೇಳಿಸಿತು.

ಹನ್ನೊಂದು ವರ್ಷದ ಅಭ್ಯಾಸಬಲದಿಂದ ಪಂಪಾಪತಿಯ ಬಾಯಿಂದ, “ದೂರು ಏನ್ರಿ?” ಎಂದು ಬಂದೇಬಿಟ್ಟಿತು.

“ಗಂಡ ಮನಿಗೆ ಬರವಲ್ಲ. ಬಂದ್ರೂ ನಿಮ್ಮ ನಳದ ನೀರಿನಂಗ, ಕತ್ತಲಾದಮ್ಯಾಗ ಬರ್ತಾನ, ಬೆಳಕಾಗೋದ್ರಾಗ ಹೋಗ್ತಾನ.”

“ವಿಜೀ, ಸಿಟ್ಟಾಗಬ್ಯಾಡ. ಊಟ ಮಾಡಿ ಹೌದಿಲ್ಲ? ಖರೆ ಹೇಳ್ತೀನಿ, ನಿನ್ನ ಜಾಗದಾಗ ನಾ ಇದ್ದಿದ್ರ…”

“ಸಾಕು! ಅದನ್ನೆಲ್ಲ ಗದ್ದೆಮ್ಮನ ಮುಂದ ಹೇಳ್ರಿ. ನಾ ಹೆಬ್ಬೆಟ್ಟಿನಾಕಿ ಅಲ್ಲ, ಸಹಿ ಮಾಡಾಕಿ. ನನ್ನ ರಮಿಸಾಕ ಬರಬ್ಯಾಡ್ರಿ. ನೀರು ಬಂದಮ್ಯಾಗೇ ಸಹಿ.”

ಫೋನು ಕಟ್ಟಾಯಿತು. ಪಂಪಾಪತಿ ಮೆಟ್ಟಿಲ ಮೇಲೆ ಕುಳಿತು, ಚೀಲದಿಂದ ಹೊಸ ತಿಂಗಳ ನಮೂನೆ ತೆಗೆದ. ಮಾನ್ವಿ ತಾಲೂಕು, ಅನುಕ್ರಮ ಸಂಖ್ಯೆ ಒಂದು ಎಂದು ಬರೆದು, ಹೆಸರು, ಊರು, ದೂರು ಎಲ್ಲ ತುಂಬಿದ. ಏಳನೆಯ ಖಾನೆಗೆ ಬಂದು ಬಹಳ ಹೊತ್ತು ಪೆನ್ನು ಹಿಡಿದು ಕುಳಿತ. ಎರಡು ಬೆರಳಿನ ಆ ಖಾನೆ ಅವತ್ತು ಬಹಳ ಅಗಲವಾಗಿ ಕಂಡಿತು, ಬರೆಯುವುದಕ್ಕೆ ಅವನ ಹತ್ತಿರ ಒಂದು ಶಬ್ದವೂ ಉಳಿದಿರಲಿಲ್ಲ.